ಮೂರು ಸಲ ಬೇಡವೆಂದ ದರ್ಜಿ

ನಮ್ಮ ಮನೆಯವರನ್ನು ಮಣ್ಣು ಮಾಡಿದ ದಿನ ನಮ್ಮ ಚರ್ಚಿನ ಅಯ್ಯನವರು ಗೋರಿಯ ಪಕ್ಕದಲ್ಲಿ ನಿಂತು, ಈ ಸಾಧು ಮನುಷ್ಯ ಕಾಯಿಲೆಯ ವಿರುದ್ಧ ಕೊನೆಯುಸಿರಿನವರೆಗೂ ವೀರನ ಹಾಗೆ ಹೋರಾಡಿದರು ಎಂದರು. ಮುಂದಿನ ತಿಂಗಳು ನಮ್ಮ ಸಭೆಯ ಪತ್ರಿಕೆಯಲ್ಲೂ ಅದೇ ಮಾತು ಅವರ ಫೋಟೋದ ಕೆಳಗೆ ಅಚ್ಚಾಗಿ ಬಂತು. ಓದಿ ನನಗೆ ಮೈಯೆಲ್ಲ ಉರಿಯಿತು. ಹೋರಾಡಿದವಳು ನಾನು. ಅದೂ ಕಾಯಿಲೆಯ ಜೊತೆಗಲ್ಲ, ಅವರ ಜೊತೆಗೆ. ಅಯ್ಯನವರಿಗೆ ಇದು ಗೊತ್ತಿಲ್ಲ, ಗೊತ್ತಿರುವವಳು ನಾನು ಬಾಯಿ ಬಿಟ್ಟಿಲ್ಲ. ಈಗ ಎರಡು ವರ್ಷವಾಯಿತು, ಬರೆದುಬಿಡೋಣ ಎಂದು ಕೂತಿದ್ದೇನೆ.

ಆ ಪತ್ರಿಕೆಯ ಕೊನೆಯ ಎರಡು ಪುಟ ಬಹಳ ವರ್ಷಗಳಿಂದ ನನ್ನವು. ಒಟ್ಟು ಎಂಟೇ ಪುಟದ ಪತ್ರಿಕೆ, ಅಚ್ಚಾಗುವುದು ನಂಜನಗೂಡಿನಲ್ಲಿ. ನಾನು ಆಗ ಕವಲಂದೆಯ ಸರ್ಕಾರಿ ಶಾಲೆಯಲ್ಲಿ ಮೇಡಮ್ಮು. ತಿಂಗಳಿಗೊಮ್ಮೆ ಶಾಲೆಯಿಂದ ಬರುವಾಗ ನಂಜನಗೂಡಿನಲ್ಲಿ ಇಳಿದು, ಬರೆದ ಹಾಳೆಗಳನ್ನು ಪ್ರೆಸ್ಸಿಗೆ ಕೊಟ್ಟು, ನರಸೀಪುರದ ಬಸ್ಸು ಹತ್ತುತ್ತಿದ್ದೆ. ಬರೆಯುತ್ತಿದ್ದುದು ಕಥೆ, ಕಂತುಕಂತಾಗಿ. ನಮ್ಮ ಸಭೆಯಲ್ಲಿ ಇರುವುದೇ ನಲವತ್ತು ಮನೆ. ಓದುವವರು ಹತ್ತು ಹದಿನೈದು ಜನ, ಅದರಲ್ಲಿ ಅರ್ಧ ನನ್ನ ಭಾನುವಾರದ ಶಾಲೆಯ ಮಕ್ಕಳು. ಆದರೂ ನನಗೆ ಲೇಖಕಿ ಎಂಬ ಜಂಬ ಏನೂ ಕಡಿಮೆ ಇರಲಿಲ್ಲ.

ನನ್ನ ಕಥೆಗಳು ನಡೆಯುತ್ತಿದ್ದುದು ಇಲ್ಲದ ಲೋಕದಲ್ಲಿ. ನೆಲದಡಿಯಲ್ಲಿ ಒಂದು ನಾಡು, ಅದಕ್ಕೆ ಗಾಯದ ಕೈಯ ಅರಸು, ಅವನು ಕಳುಹಿಸುವ ಬೆಳ್ಳಕ್ಕಿಯ ರೂಪದ ದೂತ, ಬೆಳಕನ್ನು ನುಂಗುವ ಒಂದು ಕಪ್ಪು ಹೊಗೆ. ಇವೆಲ್ಲ ಇದ್ದರೂ ಕತ್ತಿ ಹಿಡಿದ ರಾಜಕುಮಾರ ಮಾತ್ರ ಇರುತ್ತಿರಲಿಲ್ಲ. ಎದೆ ಉಬ್ಬಿಸಿ ನಡೆಯುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗಿಬರುವುದಿಲ್ಲ. ನನ್ನ ನಾಯಕರು ಪಾತ್ರೆ ತೊಳೆಯುವವಳು, ಕುಂಟ ಮೇಕೆ ಕಾಯುವವನು, ತೊದಲುವ ಅಗಸ, ಇಂಥವರೇ. ದೂತ ಬಂದು ಕರೆದರೆ, ನಾನಾ, ನನ್ನ ಕೈಲಿ ಏನಾಗುತ್ತೆ, ಬೇರೆ ಯಾರನ್ನಾದರೂ ನೋಡಿ ಎಂದು ಬಾಗಿಲು ಹಾಕಿಕೊಳ್ಳುವವರು.

ಇದನ್ನು ನಾನು ಕಲಿತದ್ದು ನಮ್ಮ ಶಾಸ್ತ್ರದಿಂದಲೇ. ಅಲ್ಲಿ ದೇವರು ಕರೆದವರೆಲ್ಲ ಮೊದಲು ಹಿಂದೆ ಸರಿದವರೇ ಆಗಿದ್ದಾರೆ. ಕುರಿ ಕಾಯುವವನೊಬ್ಬ ನನ್ನ ನಾಲಗೆ ಮಂದ ಎಂದ. ಗೋಧಿ ಬಡಿಯುವವನೊಬ್ಬ ನಾನು ಮನೆಗೆಲ್ಲ ಕಿರಿಯವನು ಎಂದ. ಇನ್ನೊಬ್ಬ ಹಡಗು ಹತ್ತಿ ಬೇರೆ ದಿಕ್ಕಿಗೇ ಓಡಿದ. ಕೊನೆಗೆ ಎಲ್ಲರೂ ಹೋದರು, ಹೋಗಿ ಗೆದ್ದರು. ಒಲ್ಲೆ ಎನ್ನುವುದು ಹೂಂ ಎನ್ನುವುದರ ಮೊದಲ ಮೆಟ್ಟಿಲು ಎಂದು ನಾನು ನಂಬಿಕೊಂಡೆ. ನಂಬಿದ್ದನ್ನೇ ನಿಯಮ ಮಾಡಿಕೊಂಡೆ: ನನ್ನ ನಾಯಕ ಮೂರು ಸಲ ಒಲ್ಲೆ ಎನ್ನಬೇಕು, ಮೂರನೆಯದಾದ ಮೇಲೆ ಹೊರಡಬೇಕು. ಭಾನುವಾರದ ಶಾಲೆಯಲ್ಲಿ ಕಂತನ್ನು ಓದಿ ಹೇಳುವಾಗ ಮಕ್ಕಳು ಬೆರಳು ಮಡಚಿ ಎಣಿಸುತ್ತಿದ್ದವು. ಮೂರನೆಯ ಒಲ್ಲೆ ಬಂದ ಕೂಡಲೇ ಚಪ್ಪಾಳೆ. ಇನ್ನು ಅವನು ಹೋಗೇ ಹೋಗುತ್ತಾನೆ ಎಂದು ಅವಕ್ಕೆ ಗೊತ್ತು.

ನಮ್ಮ ಮನೆಯವರು ದರ್ಜಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ಎಂಟಡಿ ಅಗಲದ ಅಂಗಡಿ. ಶಾಲೆಯ ಯೂನಿಫಾರಮ್ಮು, ಮದುವೆ ರವಿಕೆ, ಸಭೆಯಲ್ಲಿ ದೃಢೀಕರಣದ ದೀಕ್ಷೆಗೆ ನಿಲ್ಲುವ ಮಕ್ಕಳ ಬಿಳಿ ಫ್ರಾಕು, ಎಲ್ಲವೂ ಅವರ ಕೈಯಲ್ಲಿ ಆಗಬೇಕು. ಮಾತು ಕಡಿಮೆ. ಆಡುವ ಮಾತಿನಲ್ಲಿ ಅರ್ಧ 'ಬ್ಯಾಡ'. ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಬ್ಯಾಡ, ಅಂಗಡಿಗೆ ಬೋರ್ಡು ಬ್ಯಾಡ, ಸಭೆಯಲ್ಲಿ ಮುಂದಿನ ಬೆಂಚು ಬ್ಯಾಡ. ನಾನು ಅದಕ್ಕೆ ಪೂರ್ತಿ ಉಲ್ಟಾ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನನ್ನ ತವರಿನವರು ಮದುವೆಗೆ ಮುಂಚೆಯೇ ಅವರಿಗೆ ಎಚ್ಚರಿಕೆ ಕೊಟ್ಟಿದ್ದರಂತೆ.

ಅವರ ಬ್ಯಾಡಗಳನ್ನು ಹೌದು ಮಾಡಿಸುವುದು ನನಗೆ ಸಂಸಾರದ ಕೆಲಸಗಳಲ್ಲಿ ಒಂದಾಗಿತ್ತು. ಸಭೆಯ ಹಿರಿಯರಾಗಿ ಎಂದು ಅಯ್ಯನವರು ಕೇಳಿದಾಗಲೂ ಅವರು ಒಪ್ಪಿರಲಿಲ್ಲ. ನಾಲ್ಕು ಜನರ ಮುಂದೆ ನಿಂತು ಮಾತಾಡಲು ತನಗೆ ಬರುವುದಿಲ್ಲ ಎಂದರು. ನಾನು ವಾರಗಟ್ಟಲೆ ಬೆನ್ನು ಬಿದ್ದು ಒಪ್ಪಿಸಿದೆ. ಒಂಬತ್ತು ವರ್ಷ ಹಿರಿಯರಾಗಿದ್ದರು, ಒಂದು ಜಗಳವಾಗಲು ಬಿಡಲಿಲ್ಲ, ಎಲ್ಲರೂ ಹೊಗಳಿದರು. ನೋಡಿದಿರಾ, ನಾನು ಹೇಳಿರಲಿಲ್ಲವೇ ಎಂದು ನಾನು ಆ ಒಂಬತ್ತು ವರ್ಷವೂ ಹೇಳಿಕೊಂಡು ಓಡಾಡಿದೆ.

ನಾನು ಬರೆದ ಪ್ರತಿಯೊಂದು ಕಂತನ್ನೂ ಮೊದಲು ಕೇಳುತ್ತಿದ್ದವರು ಅವರೇ. ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತು ನಾನು ಓದುವುದು, ಅವರು ಮಿಷನ್ ತುಳಿಯುತ್ತಾ ಕೇಳುವುದು. ಚೆನ್ನಾಗಿದ್ದರೆ ತುಳಿಯುವುದು ನಿಲ್ಲುತ್ತಿತ್ತು. ನಿಲ್ಲದಿದ್ದರೆ ನಾನು ಮನೆಗೆ ಹೋಗಿ ಮತ್ತೆ ಬರೆಯುತ್ತಿದ್ದೆ. ಇದಕ್ಕಿಂತ ಒಳ್ಳೆಯ ವಿಮರ್ಶಕರು ನನಗೆ ಸಿಗಲಿಲ್ಲ.

ನಾನು ನಿವೃತ್ತಳಾದ ವರ್ಷ ಶುರು ಮಾಡಿದ ಕಥೆಗೆ ನಾಯಕ ಒಬ್ಬ ದರ್ಜಿ. ನಮ್ಮವರನ್ನೇ ಕೂರಿಸಿ ಬರೆದದ್ದು, ಮುಚ್ಚಿಡುವುದೇನು. ನೆಲದಡಿಯ ನಾಡಿನ ಆಕಾಶ ಒಂದು ಕಡೆ ಹರಿದುಹೋಗಿದೆ, ಆ ಹರಕಿನಿಂದ ಕಪ್ಪು ಹೊಗೆ ಸುರಿಯುತ್ತಿದೆ, ಅದನ್ನು ಹೊಲಿಯಲು ಭೂಮಿಯ ಮೇಲಿನ ಒಬ್ಬ ದರ್ಜಿ ಬೇಕು. ಆ ನಾಡಿಗೆ ಹೋಗುವ ದಾರಿಗೆ ನಾನು ದೂರ ಹುಡುಕಲಿಲ್ಲ. ನಮ್ಮ ಸಂಗಮದಲ್ಲಿ ಕಾವೇರಿ, ಕಪಿಲೆ ಕಣ್ಣಿಗೆ ಕಾಣುತ್ತವೆ, ಮೂರನೆಯದು ಒಳಗೇ ಹರಿಯುತ್ತದೆ ಎಂದು ಊರಿನವರೆಲ್ಲ ನಂಬುತ್ತಾರೆ. ನನ್ನ ದರ್ಜಿ ಆ ಕಾಣದ ನೀರಿನಲ್ಲೇ ಇಳಿದು ಹೋಗಬೇಕಿತ್ತು. ಅಯ್ಯನವರು ನಗುತ್ತಾ, ಅದು ದೇವಸ್ಥಾನದವರ ನೀರಲ್ಲವೇ ಅಮ್ಮ ಎಂದು ಛೇಡಿಸಿದರು. ನೀರಿಗೆ ಯಾವ ಸಭೆಯಲ್ಲಿ ಹೆಸರು ಬರೆಸಿದ್ದಾರೆ ಅಯ್ಯನವರೇ ಎಂದು ನಾನು ಕೇಳಿದೆ.

ಆ ದರ್ಜಿಯ ಮೂರನೆಯ ಒಲ್ಲೆಯ ಕಂತು ಓದಿದ ದಿನ ನಮ್ಮವರ ಮಿಷನ್ ನಿಂತಿತು. ಚೆನ್ನಾಗಿದೆ ಎನ್ನುತ್ತಾರೆಂದು ಕಾದೆ. ಅವರು ದಾರವನ್ನು ಹಲ್ಲಿನಲ್ಲಿ ಕಡಿದು, "ನಿನ್ ಕತೇಲಿ ಬ್ಯಾಡ ಅಂದೋನ್ ಮಾತ ಯಾರೂ ಕಿವೀಗೇ ಆಕ್ಕಳಕ್ಕಿಲ್ವಲ್ಲಾ" ಎಂದರು. ಹಾಕಿಕೊಂಡರೆ ಕಥೆ ಮುಂದೆ ಹೋಗುವುದು ಹೇಗೆ ಎಂದು ನಾನು ಕೇಳಿದೆ. ಅವರು ನಕ್ಕು ಮತ್ತೆ ತುಳಿಯತೊಡಗಿದರು.

ಹೊಟ್ಟೆನೋವು ಅವರಿಗೆ ಅದಕ್ಕೂ ಮುಂಚೆಯೇ ಇತ್ತು. ಸೋಡಾ ಕುಡಿದು ಮುಚ್ಚಿಟ್ಟುಕೊಂಡಿದ್ದರು. ಪ್ಯಾಂಟಿನ ಸೊಂಟವನ್ನು ತಾವೇ ಎರಡು ಸಲ ಹಿಡಿದು ಹೊಲಿದುಕೊಂಡಿದ್ದು ನನಗೆ ಕಾಣಲಿಲ್ಲ, ನಂಜನಗೂಡಿನಿಂದ ಬಂದ ಮಗಳಿಗೆ ಕಂಡಿತು. ಮೈಸೂರಿಗೆ ಕರೆದುಕೊಂಡು ಹೋದೆವು. ಜಠರದಲ್ಲಿ ಗಡ್ಡೆ. ಆಪರೇಷನ್ ಆಯಿತು, ಆಮೇಲೆ ಮೂರು ವಾರಕ್ಕೊಮ್ಮೆ ಔಷಧಿಯ ಡ್ರಿಪ್ಪು, ಆರು ಸಲ. ಇದಕ್ಕೆಲ್ಲ ಅವರು ಒಂದು ಸಲವೂ ಬ್ಯಾಡ ಎನ್ನದೆ ಬಂದರು. ವಾಂತಿಗೆಂದು ತಾವೇ ಹೊಲಿದ ಬಟ್ಟೆಯ ಚೀಲ, ಅದರೊಳಗೆ ಪ್ಲಾಸ್ಟಿಕ್ ಕವರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ವಾಪಸ್ ಬರುವುದು. ಗಂಜಿ, ನಿದ್ದೆ, ಎರಡು ವಾರದ ಹೊತ್ತಿಗೆ ಸ್ವಲ್ಪ ಸುಧಾರಿಸಿದಂತಾಗಿ ಅಂಗಡಿಗೆ ಹೋಗುವುದು, ಮತ್ತೆ ಮೈಸೂರು.

ಎಂಟು ತಿಂಗಳು ನೆಮ್ಮದಿಯಾಗಿದ್ದೆವು. ಆಮೇಲೆ ಅದು ತಿರುಗಿ ಬಂತು. ಡಾಕ್ಟರು ನಮ್ಮ ಮಗಳ ವಯಸ್ಸಿನ ಹೆಂಗಸು, ಏನನ್ನೂ ಮುಚ್ಚಿಡಲಿಲ್ಲ. ಈ ಸಲ ವಾಸಿಯಾಗುವುದಿಲ್ಲ ಎಂದರು. ಬೇರೆ ಔಷಧಿಯ ಡ್ರಿಪ್ಪಿದೆ, ಕೊಟ್ಟರೆ ಕೆಲವು ತಿಂಗಳು ಸಿಗಬಹುದು, ಸಿಗದೆಯೂ ಇರಬಹುದು, ಸಿಕ್ಕಿದ್ದರಲ್ಲಿ ಹೆಚ್ಚು ದಿನ ಇಲ್ಲೇ ಕಳೆಯಬೇಕಾದೀತು. ಬೇಡವೆಂದರೆ ನೋವಿಗೆ ಮಾತ್ರೆ ಕೊಡುತ್ತೇನೆ, ಮನೆಯಲ್ಲೇ ಇರಿ. ನೀವಿಬ್ಬರೂ ಯೋಚನೆ ಮಾಡಿ ಹೇಳಿ ಎಂದರು.

ಹೊರಗೆ ಬೆಂಚಿನ ಮೇಲೆ ಕೂತೆವು. ಅವರು ಫೈಲನ್ನು ತೊಡೆಯ ಮೇಲಿಟ್ಟುಕೊಂಡು, ಬಟ್ಟೆಯ ಮಡಿಕೆ ಸರಿಮಾಡುವ ಹಾಗೆ ಅಂಗೈಯಲ್ಲಿ ಸವರುತ್ತಿದ್ದರು. "ಬ್ಯಾಡ ಕಣಮ್ಮಿ," ಎಂದರು. "ಸಾಕು. ಮನೇಗ್ ಓಗಾನ."

ನಾನು ಆ ಹೊತ್ತಿನಲ್ಲಿ ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಮನಸ್ಸಿನಲ್ಲಿ ಒಂದು ಎಂದು ಎಣಿಸಿದೆ.

ಮನೆಯಿರುವುದು ಸೇತುವೆ ದಾಟಿ ಸೋಸಲೆಯ ದಾರಿಯಲ್ಲಿ. ಮುಂದೆ ಜಗಲಿ, ಜಗಲಿಯಲ್ಲಿ ಅವರ ಹಳೆಯ ಮಿಷನ್, ಎದುರಿಗೆ ನಾಲೆ, ಅದರಾಚೆ ಗದ್ದೆ. ಅಂಗಡಿಯನ್ನು ಆಗಲೇ ಬಿಟ್ಟುಕೊಟ್ಟಾಗಿತ್ತು. ನಾನು ನಾಲ್ಕು ದಿನ ಸುಮ್ಮನಿದ್ದು, ಐದನೆಯ ದಿನ ಕಾಫಿ ಕೊಡುವಾಗ ಮಾತು ತೆಗೆದೆ. ನೀವು ಹೆದರುತ್ತಿದ್ದೀರಿ, ಹೆದರಿದವರನ್ನೇ ದೇವರು ಕರೆಯುವುದು ಎಂದು ನನಗೆ ಬಾಯಿಪಾಠವಾಗಿದ್ದ ಉಪದೇಶವನ್ನೆಲ್ಲ ಒಪ್ಪಿಸಿದೆ. ಕುರಿ ಕಾಯುವವನು, ಗೋಧಿ ಬಡಿಯುವವನು, ಒಬ್ಬರನ್ನೂ ಬಿಡಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು.

"ಎದ್ರಿಕೆ ಏನಿಲ್ಲ ಕಣಮ್ಮಿ," ಎಂದರು. "ಮನೇಲಿರ್ತೀನಿ, ಅಷ್ಟೇಯ. ಏನೂ ಮಾಡಕ್ಕಲ್ಲ. ಸುಮ್ಕಿರಕ್ಕೆ."

ಅದು ಎರಡನೆಯದು. ಸುಮ್ಮನಿರುವುದಕ್ಕೆ ಎಂದರೆ ಏನು? ದೃಢೀಕರಣದ ಫ್ರಾಕು ಹೊಲಿಯಬೇಕು ಎಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ಮಗಳ ಮನೆಯಲ್ಲಿ ನಾಲ್ಕು ದಿನ ಇರಬೇಕು ಎಂದಿದ್ದರೂ ಅರ್ಥವಾಗುತ್ತಿತ್ತು. ಏನೂ ಮಾಡದೆ ಜಗಲಿಯ ಮೇಲೆ ಕೂತು ನಾಲೆ ನೋಡುವುದಕ್ಕೂ ಒಬ್ಬ ಮನುಷ್ಯ ಆಸೆಪಡಬಹುದು, ಅದನ್ನು ಬದುಕಿನ ಕೊನೆಯ ಆಸೆಯಾಗಿ ಕೇಳಬಹುದು ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಮೂವತ್ತು ವರ್ಷ ಕಥೆ ಕಟ್ಟಿದವಳಿಗೆ ಅದರಲ್ಲಿ ಕಥೆಯೇ ಕಾಣಲಿಲ್ಲ.

ಮಗಳು ಅಪ್ಪನ ಪರ ನಿಂತಳು. ಅವಳು ನಂಜನಗೂಡಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ನನ್ನ ಹಾಗೆಯೇ ನಾಲಗೆ ಹರಿತ. ಡಾಕ್ಟರು ಹೇಳಿದ್ದನ್ನು ಅವಳೂ ಫೋನು ಮಾಡಿ ಕೇಳಿ ತಿಳಿದುಕೊಂಡಿದ್ದಳು. ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿ, "ಅಪ್ಪ ಬೇಡ ಅಂದ್ರೆ ಬೇಡ ಅಂತ ಅರ್ಥ ಅಮ್ಮ. ಅದು ನಿನ್ನ ಕಥೆ ಅಲ್ಲ" ಎಂದಳು. ನಿನಗೆ ಅಪ್ಪ ಬೇಗ ಹೋಗಲಿ ಎಂದಿದೆಯೇ ಎಂದು ನಾನು ಕೇಳಿದೆ. ಕೇಳಬಾರದ ಮಾತು. ಅವಳು ಬ್ಯಾಗು ತೆಗೆದುಕೊಂಡು ಊಟ ಮಾಡದೆ ಹೊರಟುಹೋದಳು. ಅಪ್ಪನಿಗೆ ಏನೋ ನೆವ ಹೇಳಿದಳು, ಅವರಿಗೆ ಗೊತ್ತಾಗದೆ ಇರಲಿಲ್ಲ.

ಅದಾದ ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ, ಸಂಗಮದ ಕಡೆ ಹೋಗೋಣ ಎಂದು ಅವರೇ ಕರೆದರು. ನಡೆಯಲು ಶಕ್ತಿ ಇರಲಿಲ್ಲ, ಆಟೋದಲ್ಲಿ ಹೋದೆವು. ಹೊಳೆ ಇಳಿದಿತ್ತು, ಮರಳಿನ ಮೇಲೆ ಯಾರೋ ಬಟ್ಟೆ ಒಣಗಿಸಿದ್ದರು. ಮೆಟ್ಟಿಲ ಮೇಲೆ ಕೂತಾಗ ಅವರು ನನ್ನ ಕೈ ಹಿಡಿದುಕೊಂಡರು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ನಾಲ್ಕು ಜನ ಓಡಾಡುವ ಕಡೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

"ಬಲವಂತ ಮಾಡ್ಬ್ಯಾಡ ಕಣಮ್ಮಿ," ಎಂದರು. "ಬೇರೆ ಯಾವ್ದಕ್ಕಾದ್ರೂ ಬಲವಂತ ಮಾಡು, ಮಾಡ್ತೀನಿ. ಇದೊಂದ ಬುಟ್ಬುಡು. ನಾನ್ ಯಾವತ್ತೂ ಏನೂ ಕೇಳಿಲ್ಲ ನಿನ್ನ."

ನಿಜ. ಕೇಳಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಆದರೆ ಅಳುತ್ತಲೇ ಒಳಗೊಳಗೆ ನನಗೆ ಸಮಾಧಾನವೂ ಆಯಿತು. ಮೂರು ಆಯಿತಲ್ಲ! ಮಕ್ಕಳು ಚಪ್ಪಾಳೆ ತಟ್ಟುವ ಜಾಗಕ್ಕೆ ಬಂದಾಯಿತು, ಇನ್ನು ಹೊರಡುತ್ತಾರೆ ಎಂದು ನಾನು ನಿಜವಾಗಿಯೂ ಅಂದುಕೊಂಡೆ. ದೇವರ ಮೇಲೆ ಭಾರ ಹಾಕಿದ್ದೇನೆ ಎಂದು ಆಗ ಅನ್ನಿಸಿತ್ತು. ನಾನು ಭಾರ ಹಾಕಿದ್ದು ನನ್ನ ಕಥೆಯ ಮೇಲೆ.

ಆದರೆ ಅವರು ಹೊರಡುವ ಸೂಚನೆ ಕಾಣಲಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡರು. ಮಾತ್ರೆ ತೆಗೆದುಕೊಂಡು ಒಂದು ಗಂಟೆ ಮಿಷನ್ನಿನ ಮುಂದೆ ಕೂತು ಹಳೆಯ ದಿಂಬಿನ ಚೀಲಗಳನ್ನು ಹೊಲಿಯುತ್ತಿದ್ದರು, ಸುಸ್ತಾದರೆ ನಿಲ್ಲಿಸುತ್ತಿದ್ದರು. ಆ ಎರಡು ವಾರ ಅವರ ಮುಖದಲ್ಲಿ ಇದ್ದ ಕಳೆಯನ್ನು ನಾನು ಈಗ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುತ್ತೇನೆ. ಆಗ ನೋಡಲಿಲ್ಲ. ಆಗ ನನಗೆ ದಿನ ಕಳೆದುಹೋಗುತ್ತಿದೆ ಎಂಬ ಸಂಕಟವೊಂದೇ.

ಹಾಗಾಗಿ ಒಂದು ಕೆಲಸ ಮಾಡಿದೆ. ಭಾನುವಾರದ ಶಾಲೆಯಲ್ಲಿ ಕಥೆಯ ಕಂತಿನ ಬದಲು ಮಕ್ಕಳಿಗೆ ನಿಜವನ್ನೇ ಹೇಳಿದೆ. ದರ್ಜಿ ತಾತನಿಗೆ ಕಾಯಿಲೆ, ಆಸ್ಪತ್ರೆಗೆ ಹೋಗಲು ಒಲ್ಲೆ ಎನ್ನುತ್ತಿದ್ದಾರೆ, ಮೂರು ಸಲ ಎಂದಾಯಿತು, ನೀವು ಪ್ರಾರ್ಥನೆ ಮಾಡಿ ಎಂದೆ. ಮಕ್ಕಳು ಪ್ರಾರ್ಥನೆ ಮಾಡಿ ಅಷ್ಟಕ್ಕೇ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು.

ಅದೇ ಸಂಜೆ ಹತ್ತು ಹನ್ನೆರಡು ಮಕ್ಕಳು ನಮ್ಮ ಜಗಲಿಗೆ ಬಂದವು. ಹಿಂದಿನ ವರ್ಷ ಅವರು ಹೊಲಿದುಕೊಟ್ಟ ಬಿಳಿ ಫ್ರಾಕನ್ನೇ ಹಾಕಿಕೊಂಡು ಬಂದಿದ್ದ ಒಬ್ಬಳು ಮುಂದೆ ನಿಂತು ಮೂರು ಬೆರಳು ತೋರಿಸಿದಳು. "ಮೂರ್ ಸಲ ಆಯ್ತಲ್ಲ ತಾತ," ಎಂದಳು. "ಇನ್ ನೀನು ಓಗ್ಬೇಕು." ಉಳಿದವು ಚಪ್ಪಾಳೆ ತಟ್ಟಿದವು. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮಕ್ಕಳ ತಲೆಯ ಮೇಲಿಂದ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ಇದ್ದಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆನೋ, ಸೋಲುತ್ತಿದ್ದೆನೋ. ಇಷ್ಟು ದೂರ ಬಂದೆಯಾ ಎಂದು ಕೇಳುವ ಹಾಗೆ ನೋಡಿದರು, ಆಮೇಲೆ ಮಕ್ಕಳಿಗೆ ಬಾಳೆಹಣ್ಣು ಕೊಡು ಎಂದು ನನಗೆ ಹೇಳಿದರು.

ಮಕ್ಕಳು ಹೋದ ಮೇಲೆ, ಮೈಸೂರಿಗೆ ಯಾವತ್ತು ಹೋಗಬೇಕು ಎಂದು ಕೇಳಿದರು.

ಹೋದೆವು. ಮೊದಲ ಡ್ರಿಪ್ಪಿಗೆ ಮೂರು ದಿನ ಇಟ್ಟುಕೊಂಡರು. ಎರಡನೆಯದಕ್ಕೆ ಜ್ವರ ಬಂದು ಹನ್ನೆರಡು ದಿನ. ಮೂರನೆಯದು ಆದ ಮೇಲೆ ಅವರನ್ನು ಮನೆಗೆ ಕಳಿಸುವ ಹಾಗೇ ಇರಲಿಲ್ಲ. ಡಾಕ್ಟರಮ್ಮ ಮೊದಲೇ ಹೇಳಿದ್ದಂತೆಯೇ ಎಲ್ಲವೂ ಆಯಿತು, ನಾನು ಅವರನ್ನು ದೂರುವುದಿಲ್ಲ. ವಾರ್ಡಿನಲ್ಲಿ ಆರು ಮಂಚ, ನಮ್ಮದು ಗೋಡೆಯ ಕಡೆಯದು. ಕಿಟಕಿ ದೂರ. ಪಕ್ಕದ ಮಂಚದವರ ದಿಂಬಿನ ಚೀಲ ಹೊಲಿಗೆ ಬಿಟ್ಟಿದ್ದನ್ನು ನೋಡಿ ಒಂದು ದಿನ ಸೂಜಿ ದಾರ ಕೇಳಿದರು. ನರ್ಸು ಕೊಡಲಿಲ್ಲ. ಔಷಧಿಯಿಂದ ರಕ್ತ ತೆಳುವಾಗಿದೆ, ಬೆರಳಿಗೆ ಚುಚ್ಚಿದರೆ ನಿಲ್ಲುವುದಿಲ್ಲ ಎಂದು ವಿವರಿಸಿದಳು. ನಲವತ್ತೈದು ವರ್ಷ ಸೂಜಿ ಹಿಡಿದ ಮನುಷ್ಯ, ಆಯ್ತಮ್ಮ ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ಆ ಚೀಲವನ್ನು ನಾನೇ ಹೊಲಿದೆ, ಸೊಟ್ಟಸೊಟ್ಟವಾಗಿ.

ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ನಾನು ಕಥೆಯ ಮುಂದಿನ ಕಂತನ್ನು ಬರೆಯುತ್ತಿದ್ದೆ. ಬರೆಯುತ್ತಿದ್ದೆ, ಹೌದು. ನನ್ನ ದರ್ಜಿ ಕಾಣದ ನೀರಿನಲ್ಲಿ ಇಳಿದು, ಮುಳ್ಳಿನ ಸೂಜಿ ಹಿಡಿದು ಹರಿದ ಆಕಾಶದ ಕೆಳಗೆ ನಿಂತಿದ್ದ. ಅದನ್ನು ಇವರಿಗೆ ಓದಿ ಹೇಳಿದೆ, ಹುರುಪು ಬರಲಿ ಎಂದು. ಅರ್ಧಕ್ಕೇ ಗೋಡೆಯ ಕಡೆಗೆ ಹೊರಳಿದರು. ನಿದ್ದೆ ಬಂತೇನೋ ಎಂದು ನಿಲ್ಲಿಸಿದೆ. ಕಣ್ಣು ಬಿಟ್ಟೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ, ನಾಲೆಗೆ ನೀರು ಬಿಟ್ಟರೇನೋ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಮಗಳಿಗೆ ಫೋನು ಮಾಡಿ ವಿಚಾರಿಸಬಹುದಿತ್ತು. ಮಾಡಲಿಲ್ಲ. ಕಂತು ಮುಗಿಸುವ ಅವಸರದಲ್ಲಿದ್ದೆ.

ಅವರು ಯಾವತ್ತಿನಿಂದ ಬ್ಯಾಡ ಎನ್ನುವುದನ್ನು ನಿಲ್ಲಿಸಿದರು ಎಂದು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಅವರಿಗೆ ಬರೀ ಹಾಲು ಆಗುತ್ತಿರಲಿಲ್ಲ, ಚಿಕ್ಕಂದಿನಿಂದ. ವಾರ್ಡಿನಲ್ಲಿ ಹಾಲು ಕೊಟ್ಟರೆ ಕುಡಿಯುತ್ತಿದ್ದರು. ಸೂಜಿ ಚುಚ್ಚಲು ನರ ಸಿಗದೆ ಎರಡು ಕೈಯನ್ನೂ ತಡಕಾಡಿದರೆ, ಇನ್ನೊಂದು ಸಲ ನೋಡಿ ಎಂದು ಅವರೇ ತೋಳು ಚಾಚುತ್ತಿದ್ದರು. ನಾನು ಇದನ್ನೆಲ್ಲ ಧೈರ್ಯ ಎಂದುಕೊಂಡೆ. ನೋಡಲು ಬಂದ ಅಯ್ಯನವರಿಗೂ ಹಾಗೆಯೇ ಹೇಳಿದೆ. ಆ ವೀರ ಎಂಬ ಮಾತು ಅವರ ಬಾಯಿಗೆ ಬಂದದ್ದು ನನ್ನಿಂದಲೇ.

ಒಂದು ಮಧ್ಯಾಹ್ನ ನರ್ಸು ಹಾಲಿನ ಲೋಟ ಹಿಡಿದು ಬಂದು ಕುಡೀತೀರಾ ಎಂದು ಕೇಳಿದಳು. ಆಯ್ತು ಎಂದರು. ಅವರ ಮುಖ ನೋಡಿ ಅವಳಿಗೇ ಏನನ್ನಿಸಿತೋ, ಬೇಡವಾದರೆ ಬಿಡಿ, ತೆಗೆದುಕೊಂಡು ಹೋಗಲಾ ಎಂದಳು. ಅದಕ್ಕೂ ಆಯ್ತು ಎಂದರು, ಅದೇ ದನಿಯಲ್ಲಿ. ಅವಳು ಲೋಟ ಹಿಡಿದುಕೊಂಡು ನಿಂತೇ ಇದ್ದಳು. ನಾನು ಪೆನ್ನು ಕೆಳಗಿಟ್ಟೆ. ನಿಮಗೆ ಏನು ಬೇಕು ಎಂದು ಕೇಳಿದೆ. ಅವರನ್ನು ನಾನು ಆ ಮಾತು ಕೇಳಿ ಎಷ್ಟು ದಿನವಾಗಿತ್ತೋ. ಅವರು ನನ್ನನ್ನೇ ನೋಡಿದರು, ಯಾವ ಉತ್ತರ ಕೊಟ್ಟರೆ ಇವಳಿಗೆ ಸರಿಹೋಗುತ್ತದೆ ಎಂದು ನನ್ನ ಮುಖದಲ್ಲಿ ಹುಡುಕುತ್ತಿದ್ದರು. "ನೀನ್ ಎಂಗಂದ್ರೆ ಅಂಗೆ" ಎಂದರು.

ಆಗ ನನಗೆ ತಿಳಿಯಿತು. ಎದ್ದು ಹೋಗಿ ಡಾಕ್ಟರಮ್ಮನ ಬಾಗಿಲಲ್ಲಿ ನಿಂತು, ಸಾಕು, ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ನೋವಿಗೆ ಔಷಧಿ ಬರೆದುಕೊಟ್ಟು, ನಾಳೆ ಬೆಳಿಗ್ಗೆಯೇ ಹೊರಡಿ, ತಡ ಮಾಡಬೇಡಿ ಎಂದರು.

ಮಗಳು ಕಾರು ಮಾಡಿಕೊಂಡು ಬಂದಳು. ಅವಳಿಗೆ ಕ್ಷಮಿಸು ಎಂದು ನಾನು ಆಗ ಹೇಳಲಿಲ್ಲ, ಆಮೇಲೆ ಹೇಳಿದೆ. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಸೇತುವೆಯ ಮೇಲೆ ಬಂದಾಗ, ನೋಡಿ, ಹೊಳೆ ಬಂತು ಎಂದೆ. ಕಣ್ಣು ತೆರೆದರು, ಮುಚ್ಚಿದರು. ಜಗಲಿಯಲ್ಲೇ ಮಂಚ ಹಾಕಿಸಿದೆವು, ನಾಲೆ ಕಾಣುವ ಹಾಗೆ. ನಾಲೆಯಲ್ಲಿ ನೀರಿತ್ತು. ಅವರು ಬೇಡಿದ್ದೆಲ್ಲ ಅಲ್ಲಿತ್ತು, ಒಂದೂ ಕಡಿಮೆ ಇರಲಿಲ್ಲ.

ಪ್ರಯಾಣದಲ್ಲಿ ಬೆವರಿ ಬಟ್ಟೆ ಒದ್ದೆಯಾಗಿತ್ತು. ಬದಲಾಯಿಸೋಣ ಎಂದು ನಾನು ಒಳಗಿನಿಂದ ಒಗೆದ ಶರಟು ತಂದೆ. ಅವರು ನನ್ನ ಕೈಯಲ್ಲಿದ್ದ ಶರಟನ್ನು ನೋಡಿದರು. ಏಳಲು ಪ್ರಯತ್ನ ಮಾಡುತ್ತಾ, ತೋಳು ತೂರಿಸಲೆಂದು ಬಲಗೈಯನ್ನು ಮೇಲೆತ್ತಿದರು.

"ಬಸ್ ಬಂತಾ?" ಎಂದರು. "ಆಯ್ತು ಕಣಮ್ಮಿ. ನಡಿ, ಓಗಾನ."

ಎಲ್ಲೂ ಹೋಗುವುದಿಲ್ಲ, ಮನೆಗೆ ಬಂದಿದ್ದೇವೆ ಎಂದು ನಾನು ಹೇಳಿದೆ. ಆಯ್ತು ಎಂದರು, ಕೈ ಇಳಿಸಲಿಲ್ಲ. ಇದು ನಮ್ಮ ಜಗಲಿ, ನೋಡಿ ಅಲ್ಲಿ ನಾಲೆ, ಇನ್ನು ಮೈಸೂರು ಇಲ್ಲ, ನಾನು ಕಳಿಸುವುದಿಲ್ಲ ಎಂದೆ. ಅದಕ್ಕೂ ಆಯ್ತು. ಮಗಳು ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದಳು. ಅವಳ ಕೆನ್ನೆಯನ್ನು ಸವರಿ, ನಿಮ್ಮಮ್ಮ ಹೊರಟಿದ್ದಾಳಾ ನೋಡು ಎಂದರು. ನಾನು ಅವರ ಕೈಯನ್ನು ಹಿಡಿದು ಕೆಳಗಿಳಿಸಿದೆ. ಬಿಟ್ಟ ಕೂಡಲೇ ಮತ್ತೆ ಎತ್ತಿದರು.

ನಾಲ್ಕು ದಿನ ಬದುಕಿದ್ದರು. ಯಾರು ಮಂಚದ ಹತ್ತಿರ ಬಂದರೂ ಎದ್ದು ಕೂರಲು ನೋಡುತ್ತಿದ್ದರು, ಹೊತ್ತಾಯಿತೇ ಎಂದು ಕೇಳುತ್ತಿದ್ದರು. ಇಲ್ಲ, ಎಲ್ಲೂ ಕರೆದುಕೊಂಡು ಹೋಗುವುದಿಲ್ಲ ಎಂದು ನಾನು ಆಣೆ ಮಾಡಿ ಹೇಳಿದೆ, ಪ್ರಾರ್ಥನೆಯಲ್ಲಿ ಹೇಳಿದೆ, ಕಾಲು ಹಿಡಿದುಕೊಂಡು ಹೇಳಿದೆ. ಅವರು ನನ್ನ ಮಾತನ್ನು ನಂಬಲಿಲ್ಲ.